ಸೈಟು ಕೊಳ್ಳುವಾಗಲೇ ಎರಡನೇ ದಾರಿ ಇರಲಿ

ಕೇಳುಗರಿಗೆ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಕಡೆ ಕೈಯಲ್ಲಿ ನಾಲ್ಕು ಕಾಸು ಉಳಿದರೆ ‘ಎಲ್ಲಾದರೂ ಒಂದು ಸೈಟು ತಗೊಂಡುಬಿಡು’ ಅನ್ನುವವರೇ ಹೆಚ್ಚು. ಒಳ್ಳೆಯ ಮಾತೇ. ಆದರೆ ನೆಲಕ್ಕೆ ಹಾಕಿದ ದುಡ್ಡು ಬೇಕೆಂದ ದಿನ ಕೈಗೆ ಬರುವುದಿಲ್ಲ. ಹಾಗಾಗಿ ಬೆಲೆ ಎಷ್ಟು ಏರೀತು ಎನ್ನುವ ಮೊದಲು, ಅಂದುಕೊಂಡಂತೆ ಆಗದಿದ್ದರೆ ಈ ಆಸ್ತಿಯನ್ನು ಇನ್ನೇನು ಮಾಡಬಹುದು ಎಂದು ಕೇಳಿಕೊಳ್ಳಿ. ಮಾರಬಹುದೇ, ಮನೆ ಕಟ್ಟಬಹುದೇ, ಬಾಡಿಗೆಗೆ ಕೊಡಬಹುದೇ? ಮೂರರಲ್ಲಿ ಎರಡಕ್ಕಾದರೂ ‘ಹೌದು’ ಬರಬೇಕು.

ಈ ‘ಹೌದು’ ಬರುವುದು ಕಾಗದಪತ್ರದಿಂದ. ಕೃಷಿಯಿಂದ ವಾಸದ ಬಳಕೆಗೆ ಪರಿವರ್ತನೆಯಾಗದ ಹೊಲವನ್ನು ತುಂಡು ಮಾಡಿದ ರೆವಿನ್ಯೂ ಸೈಟು ಅಗ್ಗಕ್ಕೆ ಸಿಗುತ್ತದೆ. ಅದಕ್ಕೆ ಬ್ಯಾಂಕಿನವರು ಸಾಲ ಕೊಡಲು ಹಿಂದೆಗೆಯುತ್ತಾರೆ. ನಿಮಗೆ ಸಿಗದ ಸಾಲ ನಾಳೆ ನಿಮ್ಮಿಂದ ಕೊಳ್ಳುವವರಿಗೂ ಸಿಗದು; ಪೂರ್ತಿ ಹಣ ಇಟ್ಟುಕೊಂಡವರಷ್ಟೇ ಗಿರಾಕಿ, ಅವರು ಕೇಳಿದ್ದೇ ಬೆಲೆ. ಆದ್ದರಿಂದ ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆ ಅನುಮೋದನೆ, ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ), ಆಸ್ತಿಯ ಮೇಲಿನ ನೋಂದಾಯಿತ ಸಾಲ, ಕ್ರಯಗಳನ್ನು ತೋರಿಸುವ 30 ವರ್ಷದ ಋಣಭಾರ ಪತ್ರ (ಇ.ಸಿ.) ಇವಿಷ್ಟರಲ್ಲಿ ಯಾವ ರಾಜಿಯೂ ಬೇಡ. ಹಳೆಯ ಪಹಣಿಯಲ್ಲಿ ಸರ್ಕಾರಿ ಮಂಜೂರಾತಿಯ ಸುಳಿವಿದ್ದರೆ ವಕೀಲರಿಗೆ ತೋರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ, ಇಂಥ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಕ್ರಯ ನಿಲ್ಲುವುದಿಲ್ಲ.

ಇನ್ನು ಹಣದ ಲೆಕ್ಕ. 30 ಲಕ್ಷದ ಸೈಟಿಗೆ ಮುದ್ರಾಂಕ ಶುಲ್ಕ ಶೇಕಡಾ 5, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2. ಎರಡೂ ಸೇರಿ 2 ಲಕ್ಷ 10 ಸಾವಿರ, ಸೆಸ್ಸು ಬೇರೆ. ಇದು ಸಾಮಾನ್ಯವಾಗಿ ಸಾಲದಲ್ಲಿ ಬರುವುದಿಲ್ಲ, ಮಾರುವಾಗ ವಾಪಸೂ ಬರುವುದಿಲ್ಲ. 24 ತಿಂಗಳೊಳಗೆ ಮಾರಿದರೆ ಲಾಭ ನಿಮ್ಮ ಆದಾಯಕ್ಕೆ ಸೇರಿ ತೆರಿಗೆ ಬೀಳುತ್ತದೆ. ಅದು ದಾಟಿದರೆ ಶೇಕಡಾ ಹನ್ನೆರಡೂವರೆ. ಅವಸರದ ಮಾರಾಟ ನಷ್ಟಕ್ಕಿಳಿಯುವುದು ಇಲ್ಲೇ. ಸಾಲ ಮಾಡಿದ್ದರೆ ಕನಿಷ್ಠ ಆರು ಕಂತಿನ ಹಣ ಬ್ಯಾಂಕಿನಲ್ಲಿ ಬೇರೆ ಇರಲಿ. ಬದಲಾಗುವ ಬಡ್ಡಿಯ ಗೃಹಸಾಲವನ್ನೇ ಆರಿಸಿದರೆ ವ್ಯಕ್ತಿಗಳಿಗೆ ಅವಧಿಗೆ ಮುನ್ನ ತೀರಿಸಲು ದಂಡವಿಲ್ಲ. ‘ರೈಲು ಬರುತ್ತೆ, ಬೆಲೆ ಏರುತ್ತೆ’ ಎಂಬ ಮಾತಿಗೆ ಮಾತ್ರ ಸಾಲ ಮಾಡಬೇಡಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ ಮಂಜೂರಾಗಿ ದಶಕ ಕಳೆದ ಮೇಲೂ ಕಾಮಗಾರಿ ನಡೆಯುತ್ತಲೇ ಇತ್ತು. ಕಂತು ಅಷ್ಟು ಕಾಯುವುದಿಲ್ಲ.

ಮನೆ ಕಟ್ಟುವವರು ಪ್ಲಾನ್ ಹಂತದಲ್ಲೇ ಸ್ವಲ್ಪ ಯೋಚಿಸಬೇಕು. ದಾವಣಗೆರೆಯಲ್ಲಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳ ಸುತ್ತ ವಿದ್ಯಾರ್ಥಿಗಳಿಗೆ ರೂಮು ಕೊಟ್ಟರೆ ಬಾಡಿಗೆ ಹೆಚ್ಚು ಬರಬಹುದು, ಆದರೆ ರಜೆಗೆ ಖಾಲಿ ಬೀಳುತ್ತದೆ. ಸಂಸಾರಸ್ಥರು ಬಾಡಿಗೆ ಚೌಕಾಸಿ ಮಾಡುತ್ತಾರೆ, ವರ್ಷಗಟ್ಟಲೆ ಇರುತ್ತಾರೆ. ತರ್ಟಿ ಫಾರ್ಟಿ ಸೈಟಿನಲ್ಲಿ ಮೆಟ್ಟಿಲನ್ನು ಮನೆಯೊಳಗೆ ತರದೆ ಹೊರಗಿನಿಂದ ಕೊಡಿ. ಮುಂದಿನ ಕೋಣೆಗೊಂದು ಹೊರಬಾಗಿಲು, ಅದಕ್ಕಂಟಿದ ಬಚ್ಚಲು, ಸಿಂಕಿಗೆ ಬೇಕಾದ ನೀರಿನ ಪೈಪು ಗೋಡೆಯಲ್ಲೇ ಇರಲಿ. ಒಳಬಾಗಿಲು ಹಾಕಿದರೆ ಅದು ಬಿಡಿ ರೂಮು, ತೆರೆದರೆ ಮನೆಯದೇ ಭಾಗ. ಗೋಡೆ ಒಡೆದು ಆಮೇಲೆ ಪೈಪು ಎಳೆಯುವ ಖರ್ಚು ಇದಕ್ಕಿಂತ ಬಹಳ ಹೆಚ್ಚು. ಬೆಸ್ಕಾಂ ಮೀಟರು ಪ್ರತಿ ಭಾಗಕ್ಕೂ ಬೇರೆ ಇರಬೇಕು, ಇಲ್ಲದಿದ್ದರೆ ತಿಂಗಳು ತಿಂಗಳು ಕರೆಂಟ್ ಬಿಲ್ಲಿನ ಜಗಳ. ಮೇಲಂತಸ್ತು ಈಗ ಬೇಡವೆಂದರೂ ಪಾಯ ಮತ್ತು ಕಾಲಮ್ಮು ಅದರ ಭಾರಕ್ಕೇ ಲೆಕ್ಕ ಹಾಕಿಸಿ. ಮೇಲೆ ಬಿಟ್ಟ ಕಂಬಿ ಬಿಸಿಲುಮಳೆಗೆ ತುಕ್ಕು ಹಿಡಿಯದಂತೆ ತೆಳು ಕಾಂಕ್ರೀಟು ಹಾಕಿ ಮುಚ್ಚಿಸಿ.

ಕೊನೆಗೆ ಕ್ರಯದ ಕರಾರು. ಮುಂಗಡ ಕೊಡುವ ಮೊದಲೇ ಒಂದು ಷರತ್ತು ಬರೆಸಿ: ದಾಖಲೆಯಲ್ಲಿ ದೋಷ ಕಂಡರೆ ಅಥವಾ ಬ್ಯಾಂಕ್ ಸಾಲ ನಿರಾಕರಿಸಿದರೆ ಮುಂಗಡ ಪೂರ್ತಿ ವಾಪಸು, ಇಂತಿಷ್ಟು ದಿನದೊಳಗೆ. ಮುಂಗಡವನ್ನು ಚೆಕ್ಕಿನಲ್ಲೋ ಬ್ಯಾಂಕ್ ವರ್ಗಾವಣೆಯಲ್ಲೋ ಕೊಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಮುಂಗಡ ವಾಪಸಿನ ಷರತ್ತಿಗೆ ಮಾರುವವರು ಒಪ್ಪದಿದ್ದರೆ ಆ ಸೈಟನ್ನು ಬಿಟ್ಟು ಮುಂದಿನದನ್ನು ನೋಡಿ.