ಅಪಾರ್ಟ್‌ಮೆಂಟ್, ಬಡಾವಣೆ ಮಸೂದೆಗಳಿಗೆ ಆಕ್ಷೇಪಣೆ: ಏನನ್ನು ವಿರೋಧಿಸಬೇಕು, ಯಾವಾಗ, ಹೇಗೆ?

ಎಲ್ಲರಿಗೂ ನಮಸ್ಕಾರ.

ಅಪಾರ್ಟ್‌ಮೆಂಟ್‌ಗಳ ಬಗ್ಗೆ ರಾಜ್ಯ ಸರ್ಕಾರ ಹೊಸ ಕಾನೂನು ತರುತ್ತದೆ ಎಂಬ ಸುದ್ದಿ ಬಂದ ಕೂಡಲೇ ಮನೆಮಾಲೀಕರು ಎರಡು ಪಂಗಡವಾಗುತ್ತಾರೆ. ಬಿಲ್ಡರ್‌ಗಳಿಗೆ ಇನ್ನಾದರೂ ಮೂಗುದಾರ ಬೀಳುತ್ತದೆ ಎಂದು ಒಂದು ಪಂಗಡ ಸ್ವಾಗತಿಸುತ್ತದೆ. ನಮ್ಮ ಮನೆಯ ವಿಷಯದಲ್ಲಿ ಸರ್ಕಾರಕ್ಕೇನು ಕೆಲಸ ಎಂದು ಇನ್ನೊಂದು ಸಿಡಿಯುತ್ತದೆ. ಈ ಎರಡೂ ಪಂಗಡಗಳಲ್ಲಿ ಕರಡನ್ನು ಓದಿದವರು ಕಡಿಮೆ. ಓದುವಾಗ ಪ್ರತಿ ಸೆಕ್ಷನ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಆಡಳಿತವನ್ನು ಮುಟ್ಟುತ್ತದೆಯೋ, ಒಡೆತನವನ್ನು ಮುಟ್ಟುತ್ತದೆಯೋ? ಸಂಘದ ಚುನಾವಣೆ, ಲೆಕ್ಕಪತ್ರ, ಆಡಿಟ್, ನಿರ್ವಹಣಾ ಶುಲ್ಕದ ವಸೂಲಿ ಇವೆಲ್ಲ ಆಡಳಿತ. ಅಲ್ಲಿ ಬಹುಮತ ನಡೆಯಲಿ, ಕಾನೂನೂ ನಡೆಯಲಿ. ಕ್ರಯಪತ್ರದಲ್ಲಿ ಬರೆದುಕೊಟ್ಟ ಪಾಲು ಒಡೆತನ. ಅಲ್ಲಿಗೆ ಬಹುಮತ ಕೈಹಾಕುವುದನ್ನು ವಿರೋಧಿಸಲೇಬೇಕು.

ಒಡೆತನ ಎಲ್ಲಿದೆ ಎಂದು ಮೊದಲು ಕಾಗದದಲ್ಲಿ ನೋಡೋಣ. ಫ್ಲ್ಯಾಟಿನ ಕ್ರಯಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ಮೂರು ಷೆಡ್ಯೂಲ್‌ಗಳಿರುತ್ತವೆ. ‘ಎ’ ಷೆಡ್ಯೂಲಿನಲ್ಲಿ ಇಡೀ ಜಮೀನಿನ ವಿವರ, ಚಕ್ಕುಬಂದಿ. ‘ಬಿ’ಯಲ್ಲಿ ಆ ಜಮೀನಿನಲ್ಲಿ ನಿಮ್ಮ ಅವಿಭಾಜ್ಯ ಪಾಲು, ಅಂದರೆ ಯುಡಿಎಸ್. ‘ಸಿ’ಯಲ್ಲಿ ನಿಮ್ಮ ಫ್ಲ್ಯಾಟು. ಮನೆ ಕೊಳ್ಳುವವರು ‘ಸಿ’ಯನ್ನು ಹತ್ತು ಸಲ ಓದುತ್ತಾರೆ, ‘ಬಿ’ಯನ್ನು ದಾಟಿ ಹೋಗುತ್ತಾರೆ. ಕಟ್ಟಡ ಹಳತಾದಂತೆ ‘ಸಿ’ಯ ಬೆಲೆ ಇಳಿಯುತ್ತದೆ, ‘ಬಿ’ಯ ಬೆಲೆ ಏರುತ್ತದೆ. ನಲವತ್ತು ವರ್ಷದ ನಂತರ ಉಳಿಯುವ ಆಸ್ತಿ ಬಹುಪಾಲು ಆ ‘ಬಿ’ಯೇ.

ಒಂದು ಲೆಕ್ಕ ಹಾಕಿ. 40,000 ಚದರ ಅಡಿ ಜಮೀನಿನಲ್ಲಿ ಒಂದೇ ಅಳತೆಯ 50 ಫ್ಲ್ಯಾಟುಗಳಿದ್ದರೆ ತಲಾ 800 ಚದರ ಅಡಿ ಪಾಲು. ಬಿಲ್ಡರ್ ಹೆಚ್ಚುವರಿ ಎಫ್‌ಎಆರ್ (ಜಮೀನಿನ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದು ಎಂಬ ಮಿತಿ) ಪಡೆದು ಅದೇ ಜಮೀನಿನಲ್ಲಿ ಇನ್ನೂ 14 ಫ್ಲ್ಯಾಟು ಎಬ್ಬಿಸಿದರೆ ಪಾಲು 625ಕ್ಕೆ ಇಳಿಯುತ್ತದೆ. ನಿಮ್ಮ ಗೋಡೆಯ ಒಂದು ಇಟ್ಟಿಗೆಯೂ ಅಲುಗಿಲ್ಲ, ಆದರೆ 175 ಚದರ ಅಡಿ ಜಮೀನು ಹೋಯಿತು. ಹೀಗಾಗದಂತೆ ತಡೆಯುವ ಬೀಗ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರ 6ನೇ ಸೆಕ್ಷನ್‌ನಲ್ಲಿದೆ. ಡಿಕ್ಲರೇಷನ್‌ನಲ್ಲಿ, ಅಂದರೆ ಆಸ್ತಿಯನ್ನು ಈ ಕಾಯ್ದೆಗೆ ಒಳಪಡಿಸುವ ನೋಂದಾಯಿತ ಘೋಷಣಾ ಪತ್ರದಲ್ಲಿ, ನಮೂದಾದ ಶೇಕಡಾವಾರು ಪಾಲು ಶಾಶ್ವತ. ಎಲ್ಲ ಮಾಲೀಕರ ಒಪ್ಪಿಗೆಯಿಂದ ತಿದ್ದುಪಡಿ ಡಿಕ್ಲರೇಷನ್ ನೋಂದಣಿಯಾಗದೆ ಅದನ್ನು ಬದಲಿಸುವಂತಿಲ್ಲ. ಮುಕ್ಕಾಲು ಪಾಲು ಮಾಲೀಕರು ಒಪ್ಪಿದರೂ ಸಾಲದು, ಎಲ್ಲರೂ ಒಪ್ಪಬೇಕು.

ಈ ಕಾಯ್ದೆಯ ಇನ್ನೊಂದು ಗುಣ 2ನೇ ಸೆಕ್ಷನ್‌ನಲ್ಲಿದೆ. ಮಾಲೀಕರು ತಾವಾಗಿಯೇ ಡಿಕ್ಲರೇಷನ್ ಬರೆದು ನೋಂದಾಯಿಸಿ ಆಸ್ತಿಯನ್ನು ಕಾಯ್ದೆಗೆ ಒಳಪಡಿಸಿದರೆ ಮಾತ್ರ ಅದು ಅನ್ವಯಿಸುತ್ತದೆ. ಇದರಿಂದ ತೊಂದರೆಯೂ ಆಗಿದೆ. ಎಷ್ಟೋ ಕಟ್ಟಡಗಳಲ್ಲಿ ಡಿಕ್ಲರೇಷನ್ನೇ ಆಗಿಲ್ಲ. ಅನೇಕ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಮಾಡಿಸಿ, ಕ್ಲಬ್ಬಿಗೋ ಕ್ರೀಡಾಸಂಘಕ್ಕೋ ಹೊಂದುವ ನಿಯಮಗಳಲ್ಲಿ ನೂರಾರು ಕೋಟಿಯ ಆಸ್ತಿ ನಡೆಸುತ್ತಿವೆ. ಪದಾಧಿಕಾರಿಗಳು ಲೆಕ್ಕ ಕೊಡದಿದ್ದರೆ ಸಂಘಗಳ ರಿಜಿಸ್ಟ್ರಾರರ ವಿಚಾರಣೆ ಕೇಳಬೇಕು, ಇಲ್ಲವೇ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕು. ಇನ್ನು ರಿಯಲ್ ಎಸ್ಟೇಟ್ ನಿಯಂತ್ರಣಕ್ಕೆ ಸಂಸತ್ತು ಮಾಡಿದ 2016ರ ರೇರಾ ಕಾಯ್ದೆಯ 17ನೇ ಸೆಕ್ಷನ್ ಸಾಮಾನ್ಯ ಪ್ರದೇಶದ ಹಕ್ಕನ್ನು ಮಾಲೀಕರ ಸಂಘಕ್ಕೆ ಬರೆದುಕೊಡಬೇಕು ಎನ್ನುತ್ತದೆ, 1972ರ ಕಾಯ್ದೆ ಆ ಹಕ್ಕು ಮಾಲೀಕರಲ್ಲೇ ಅವಿಭಾಜ್ಯವಾಗಿರುತ್ತದೆ ಎನ್ನುತ್ತದೆ. ಈ ಗೋಜಲು ಬಿಡಿಸಲು ಹೊಸ ಕಾನೂನು ಬೇಕೇ ಬೇಕು. ಆದ್ದರಿಂದ ಮಸೂದೆಯನ್ನೇ ಸಾರಾಸಗಟಾಗಿ ತಿರಸ್ಕರಿಸಿ ಎಂದು ಬರೆದುಕೊಡುವವರ ಮಾತಿಗೆ ತೂಕ ಬರುವುದಿಲ್ಲ. ಇಲಾಖೆ ಅಂಥ ಪತ್ರಗಳನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ.

ವಿರೋಧದ ಮುಖ್ಯ ಅಂಶ ಪುನರಭಿವೃದ್ಧಿ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಲು ಎಷ್ಟು ಜನರ ಒಪ್ಪಿಗೆ ಬೇಕು? ಮಹಾರಾಷ್ಟ್ರದಲ್ಲಿ ಸಹಕಾರಿ ವಸತಿ ಸಂಘಗಳಿಗೆ 2019ರ ಸರ್ಕಾರಿ ಆದೇಶ ಶೇ 51 ಸಾಕು ಎಂದಿತು. ತಮಿಳುನಾಡಿನ 2022ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಮೂರನೇ ಎರಡರಷ್ಟು ಎಂದಿತು. ಇಲ್ಲೂ ಅದೇ ಬರಲಿ ಎನ್ನುವವರು ಒಂದು ವ್ಯತ್ಯಾಸವನ್ನು ಮರೆಯುತ್ತಾರೆ. ಮುಂಬೈಯ ಸಹಕಾರಿ ಸಂಘದಲ್ಲಿ ಜಮೀನು, ಕಟ್ಟಡ ಸಂಘದ್ದು. ಸದಸ್ಯನ ಕೈಯಲ್ಲಿರುವುದು ಷೇರು ಮತ್ತು ವಾಸದ ಹಕ್ಕು. ಸಂಘದ ಆಸ್ತಿಯ ಬಗ್ಗೆ ಸಂಘದ ಬಹುಮತ ತೀರ್ಮಾನಿಸುವುದರಲ್ಲಿ ಅರ್ಥವಿದೆ. ನಮ್ಮಲ್ಲಿ ಜಮೀನಿನ ಪಾಲು ನಿಮ್ಮ ಹೆಸರಿಗೆ ಮುದ್ರಾಂಕ ಶುಲ್ಕ ಕಟ್ಟಿ ನೋಂದಣಿಯಾಗಿದೆ. ಪಕ್ಕದ ಮನೆಯವರು ಕೈಯೆತ್ತಿದ ಮಾತ್ರಕ್ಕೆ ಅದು ಬಿಲ್ಡರ್ ಪಾಲಾಗುವುದಾದರೆ ನೋಂದಣಿಗೆ ಅರ್ಥವೇ ಇಲ್ಲ. ಶೇ 51ನ್ನು ಅಲ್ಲಿಂದ ಇಲ್ಲಿಗೆ ತರುವುದು ತಪ್ಪು. ತಮಿಳುನಾಡಿನಲ್ಲಿ ಪಾಲು ನಮ್ಮ ರೀತಿಯದ್ದೇ, ಹಾಗಾಗಿ ಅಲ್ಲಿನ ಅನುಭವವನ್ನು ಹತ್ತಿರದಿಂದ ಗಮನಿಸುವುದು ಒಳ್ಳೆಯದು.

ಕಟ್ಟಡ ಬೀಳುವ ಸ್ಥಿತಿಯಲ್ಲಿದ್ದು ಒಬ್ಬನೇ ಮಾಲೀಕ ಅಡ್ಡ ನಿಂತರೆ ಏನು ಗತಿ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವಿಲ್ಲದ ಆಕ್ಷೇಪಣೆ ಅರ್ಧ ಆಕ್ಷೇಪಣೆ. ಸಾಮಾನ್ಯ ನಿಯಮವಾಗಿ ಸರ್ವಸಮ್ಮತಿ ಇರಲಿ. ಬಿಲ್ಡರನಿಗಾಗಲಿ ಸಂಘಕ್ಕಾಗಲಿ ಸಂಬಂಧವಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಕಟ್ಟಡ ವಾಸಕ್ಕೆ ಅಪಾಯಕಾರಿ ಎಂದು ಪ್ರಮಾಣೀಕರಿಸಿದಾಗ ಮಾತ್ರ ವಿಶೇಷ ಬಹುಮತ ಸಾಕಾಗಲಿ. ಒಪ್ಪದವನಿಗೆ ಕೆಡವುವ ಮೊದಲೇ ಪಾಲಿನ ಮೌಲ್ಯಮಾಪನ, ಕಟ್ಟುವ ಅವಧಿಗೆ ಬಾಡಿಗೆ, ಮೊದಲಿಗಿಂತ ಕಡಿಮೆಯಲ್ಲದ ಅಳತೆಯ ಮನೆ ಇಲ್ಲವೇ ಮಾರುಕಟ್ಟೆ ಬೆಲೆ, ಮತ್ತು ನ್ಯಾಯಾಂಗ ಅಧಿಕಾರಿಯ ಮುಂದೆ ವಾದಿಸುವ ಅವಕಾಶ ಇರಲಿ. ಹೀಗೆ ಬರೆದರೆ ‘ನೀವು ಅಭಿವೃದ್ಧಿ ವಿರೋಧಿಗಳು’ ಎಂಬ ಮಾತಿಗೆ ಜಾಗವಿರುವುದಿಲ್ಲ.

ಮತ ಎಣಿಸುವ ರೀತಿಯನ್ನೂ ನೋಡಿ. ಮಾರಾಟವಾಗದ 20 ಫ್ಲ್ಯಾಟು ಬಿಲ್ಡರ್ ಹೆಸರಲ್ಲಿದ್ದರೆ ಅವನಿಗೆ 20 ಮತವೇ? ರೇರಾದ 14ನೇ ಸೆಕ್ಷನ್ ಇದಕ್ಕೆ ದಾರಿ ತೋರಿಸಿದೆ. ಮಂಜೂರಾದ ನಕ್ಷೆಯಲ್ಲಿ ಸಾಮಾನ್ಯ ಪ್ರದೇಶ ಬದಲಿಸಲು ಮೂರನೇ ಎರಡರಷ್ಟು ಹಂಚಿಕೆದಾರರ (ಫ್ಲ್ಯಾಟು ಪಡೆದವರ) ಲಿಖಿತ ಪೂರ್ವಾನುಮತಿ ಬೇಕು, ಆ ಲೆಕ್ಕದಲ್ಲಿ ಪ್ರವರ್ತಕನನ್ನು, ಅಂದರೆ ಬಿಲ್ಡರನನ್ನು, ಸೇರಿಸುವಂತಿಲ್ಲ, ಒಬ್ಬ ಎಷ್ಟೇ ಫ್ಲ್ಯಾಟು ಬುಕ್ ಮಾಡಿದ್ದರೂ ಒಬ್ಬನೇ. ರಾಜ್ಯದ ಮಸೂದೆ ಇದಕ್ಕಿಂತ ಸಡಿಲವಾಗಿದ್ದರೆ ಅದೇ ಒಂದು ಬಲವಾದ ಆಕ್ಷೇಪ.

ಏಕೆ ಬಲವಾದದ್ದು ಎಂಬುದಕ್ಕೆ ಪಶ್ಚಿಮ ಬಂಗಾಳದ ಪ್ರಕರಣವಿದೆ. ಆ ರಾಜ್ಯ ರೇರಾ ಜಾರಿಗೊಳಿಸುವ ಬದಲು 2017ರಲ್ಲಿ ತನ್ನದೇ ಹೀರಾ ಎಂಬ ಕಾಯ್ದೆ ಮಾಡಿತು. ಬಹುಪಾಲು ಅಕ್ಷರಶಃ ರೇರಾದ ನಕಲು, ಆದರೆ ಕೆಲವು ಕಡೆ ಸಣ್ಣ ಬದಲಾವಣೆ. ರೇರಾದಲ್ಲಿ ಯೋಜನೆ ತಡವಾಗಲು ಒಪ್ಪಬಹುದಾದ ಕಾರಣಗಳು ಯುದ್ಧ ಮತ್ತು ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪದಂಥ ನೈಸರ್ಗಿಕ ವಿಕೋಪಗಳು. ಹೀರಾ ಅದಕ್ಕೆ ‘ಅಥವಾ ನಿಯಮಗಳಲ್ಲಿ ಗೊತ್ತುಪಡಿಸುವ ಇತರ ಸಂದರ್ಭ’ ಎಂಬ ಬಾಲ ಸೇರಿಸಿತು. ಕಾರ್ ಪಾರ್ಕಿಂಗ್ ವ್ಯಾಖ್ಯೆಯನ್ನೂ ಬದಲಿಸಿತು. ಮನೆ ಕೊಳ್ಳುವವರ ವೇದಿಕೆಯೊಂದು ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಮೇ 4ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಎಂ.ಆರ್. ಶಾ ಅವರ ಪೀಠ ಇಡೀ ಹೀರಾವನ್ನು ರದ್ದುಗೊಳಿಸಿತು. ಆಸ್ತಿ ವರ್ಗಾವಣೆ, ಕರಾರು ಎರಡೂ ಸಮವರ್ತಿ ಪಟ್ಟಿಯ ವಿಷಯಗಳು, ಅಂದರೆ ಸಂಸತ್ತೂ ರಾಜ್ಯವೂ ಕಾನೂನು ಮಾಡಬಹುದಾದವು. ಅದೇ ವಿಷಯದಲ್ಲಿ ಸಂಸತ್ತಿನ ಕಾನೂನಿಗೆ ರಾಜ್ಯದ ಕಾನೂನು ವಿರುದ್ಧವಾದರೆ ಸಂವಿಧಾನದ 254ನೇ ವಿಧಿಯ ಪ್ರಕಾರ ಸಂಸತ್ತಿನದ್ದೇ ಮೇಲು. ರಾಷ್ಟ್ರಪತಿಗಳ ಅಂಕಿತ ಪಡೆದಿದ್ದರೆ ಮಾತ್ರ ರಾಜ್ಯದ್ದು ಉಳಿಯಬಲ್ಲದು, ಬಂಗಾಳ ಅದನ್ನು ಪಡೆದಿರಲಿಲ್ಲ.

ಆಸ್ತಿ ನಮ್ಮ ಮೂಲಭೂತ ಹಕ್ಕು ಎಂದು ಮಾತ್ರ ಬರೆಯಬೇಡಿ. 1978ರ 44ನೇ ತಿದ್ದುಪಡಿಯ ನಂತರ ಅದು ಮೂಲಭೂತ ಹಕ್ಕಲ್ಲ, 300ಎ ವಿಧಿಯಡಿ ಸಾಂವಿಧಾನಿಕ ಹಕ್ಕು. ಕನಕಪುರ ರಸ್ತೆಯ ತಾತಗುಣಿಯಲ್ಲಿರುವ ರೋರಿಕ್ ಎಸ್ಟೇಟನ್ನು ರಾಜ್ಯ ವಶಪಡಿಸಿಕೊಂಡ ಕಾಯ್ದೆಯನ್ನು ಪ್ರಶ್ನಿಸಿದ ಕೆ.ಟಿ. ಪ್ಲಾಂಟೇಷನ್ ಪ್ರಕರಣದಲ್ಲಿ (2011) ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಆದರೆ ಆಸ್ತಿ ಕಸಿಯುವ ಕಾನೂನಿಗೆ ಸಾರ್ವಜನಿಕ ಉದ್ದೇಶ ಇರಬೇಕು, ಪರಿಹಾರ ಕೇಳುವ ಹಕ್ಕು 300ಎ ಒಳಗೇ ಅಡಗಿದೆ ಎಂದೂ ಹೇಳಿತು. ಒಬ್ಬ ಮಾಲೀಕನ ಪಾಲು ತೆಗೆದು ಇನ್ನೊಬ್ಬ ಖಾಸಗಿಯವನಿಗೆ ಕೊಡುವ ಸೆಕ್ಷನ್‌ಗೆ ನೀವು ಹಾಕಬೇಕಾದ ಪ್ರಶ್ನೆ ಇದೇ: ಇದರಲ್ಲಿ ಸಾರ್ವಜನಿಕ ಉದ್ದೇಶ ಯಾವುದು?

ಬಡಾವಣೆಗಳ ಕಥೆ ಬೇರೆ. ಫ್ಲ್ಯಾಟಿನವರ ವಾದ ನಿವೇಶನದವರಿಗೆ ಹೊಂದುವುದಿಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಬಡಾವಣೆಗೆ ಮಂಜೂರಾತಿ ಪಡೆಯುವಾಗ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಪ್ರಾಧಿಕಾರಕ್ಕೆ ಬಿಟ್ಟುಕೊಡುವ ಪತ್ರ ನೋಂದಣಿಯಾಗಿರುತ್ತದೆ. ಹಾಗೆ ಬಿಟ್ಟುಕೊಟ್ಟ ರಸ್ತೆಗೆ ಗೇಟು ಹಾಕಿ ಇದು ನಮ್ಮ ಖಾಸಗಿ ಆಸ್ತಿ ಎಂದರೆ ಕಾಗದ ನಿಮ್ಮ ವಿರುದ್ಧವೇ ಮಾತಾಡುತ್ತದೆ. ಬಡಾವಣೆಯವರ ನಿಜವಾದ ಹಕ್ಕು ಆ ಜಾಗ ನಕ್ಷೆಯಲ್ಲಿ ತೋರಿಸಿದಂತೆಯೇ ಉಳಿಯಬೇಕು ಎಂಬುದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಹೋರಾಡಿದರು. 1991ರಲ್ಲಿ ಸುಪ್ರೀಂ ಕೋರ್ಟು, ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ, ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದು ಒಪ್ಪಿ ಆ ಹಂಚಿಕೆಯನ್ನು ತಳ್ಳಿಹಾಕಿತು. ಉದ್ಯಾನ, ನಾಗರಿಕ ಸೌಲಭ್ಯದ ಜಾಗದ ಬಳಕೆ ಬದಲಿಸಲು ಹೊಸ ಮಸೂದೆಯಲ್ಲಿ ಯಾರಿಗಾದರೂ ಅಧಿಕಾರ ಕೊಟ್ಟಿದ್ದರೆ ಬಡಾವಣೆಯವರ ಆಕ್ಷೇಪ ಅಲ್ಲಿಂದ ಶುರುವಾಗಲಿ.

ಈಗ ಕೆಲಸದ ಕ್ರಮ. ಪತ್ರಿಕಾ ವರದಿ ಓದಿ ಆಕ್ಷೇಪಣೆ ಬರೆಯಬೇಡಿ, ಕರಡಿನ ಪೂರ್ಣ ಪ್ರತಿ ತರಿಸಿ. ಮಸೂದೆ ಮಂಡನೆಯಾಗಿದ್ದರೆ ಅದರ ಕೊನೆಯ ಪುಟಗಳನ್ನು ಮೊದಲು ಓದಿ. ಅಲ್ಲಿ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರುತ್ತದೆ, ಯಾವ ಯಾವ ಖಂಡಗಳಲ್ಲಿ (ಮಸೂದೆಯ ಸೆಕ್ಷನ್‌ಗಳಲ್ಲಿ) ನಿಯಮ ಮಾಡುವ ಅಧಿಕಾರ ಸರ್ಕಾರಕ್ಕೆ ಹೋಗುತ್ತದೆ ಎಂಬ ಪಟ್ಟಿಯೂ ಇರುತ್ತದೆ. ಈ ಪಟ್ಟಿ ಇಡೀ ಮಸೂದೆಯ ನಾಡಿ. ‘ನಿಯಮಿಸಬಹುದಾದಂತೆ’ ಎಂಬ ಮಾತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಗುರುತು ಹಾಕಿ. ಶುಲ್ಕ, ನಮೂನೆ, ಕಾಲಾವಧಿಗೆ ಅದು ಇದ್ದರೆ ಸರಿ. ಪಾಲು, ಬಹುಮತದ ಪ್ರಮಾಣ, ಆಡಳಿತಾಧಿಕಾರಿಯ ನೇಮಕಕ್ಕೆ ಇದ್ದರೆ ಅದು ಕಾಯ್ದೆಯಲ್ಲೇ ಬರಬೇಕು ಎಂದು ಕೇಳಿ.

ಆಕ್ಷೇಪಣೆಯನ್ನು ಮೂರು ಅಂಕಣದಲ್ಲಿ ಬರೆಯಿರಿ: ಕರಡಿನ ಖಂಡ, ಅದರಿಂದಾಗುವ ಹಾನಿ, ಬದಲಿ ವಾಕ್ಯ. ಮೂರನೆಯದನ್ನು ಬಿಟ್ಟರೆ ಉಳಿದೆರಡೂ ವ್ಯರ್ಥ, ಏಕೆಂದರೆ ಇಲಾಖೆಯ ಕರಡು ಬರೆಯುವವರಿಗೆ ಬೇಕಾದದ್ದು ಅದೇ. ಉದಾಹರಣೆಗೆ: ‘ಈ ಅಧಿನಿಯಮದಲ್ಲಿ ಏನೇ ಒಳಗೊಂಡಿದ್ದರೂ, ಇದರ ಪ್ರಾರಂಭಕ್ಕೆ ಮೊದಲು ನೋಂದಣಿಯಾದ ಕ್ರಯಪತ್ರ ಅಥವಾ ಡಿಕ್ಲರೇಷನ್‌ನಲ್ಲಿ ನಿರ್ದಿಷ್ಟಪಡಿಸಿದ ಅವಿಭಾಜ್ಯ ಪಾಲನ್ನು, ಸಂಬಂಧಿಸಿದ ಎಲ್ಲ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಕಡಿಮೆ ಮಾಡತಕ್ಕದ್ದಲ್ಲ.’ ಹಳೆಯ ಕಟ್ಟಡಗಳಿಗೆ ಕಾಯ್ದೆ ತಾನೇ ತಾನಾಗಿ ಅನ್ವಯವಾಗುವ ಖಂಡವಿದ್ದರೆ ಈ ಒಂದು ವಾಕ್ಯ ಹತ್ತು ಪುಟದ ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಒಂದೇ ಪತ್ರವನ್ನು ನಾಲ್ಕುನೂರು ಮನೆಯವರು ಕಳಿಸಿದರೆ ಅದನ್ನು ಒಂದೆಂದೇ ಪರಿಗಣಿಸುವ ಸಾಧ್ಯತೆ ಹೆಚ್ಚು. ಬೇರೆ ಬೇರೆ ಕಟ್ಟಡಗಳವರು ತಮ್ಮ ಷೆಡ್ಯೂಲಿನ ಅಂಕಿಗಳೊಂದಿಗೆ ಬೇರೆ ಬೇರೆ ಬರೆದರೆ ತೂಕ ಬೇರೆ. ಕೊನೆಯ ದಿನದೊಳಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪ್ರತಿಗಳನ್ನು ನಿಮ್ಮ ಶಾಸಕರಿಗೂ ವಿಧಾನ ಪರಿಷತ್ ಸದಸ್ಯರಿಗೂ ಕೊಡಿ, ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂಬ ಬೇಡಿಕೆ ಏಳುವುದು ಅವರಿಂದ. ಎರಡೂ ಸದನ ದಾಟಿದ ಮೇಲೆ ಉಳಿಯುವುದು ರಾಜ್ಯಪಾಲರಿಗೆ ಮನವಿ. ರೇರಾಕ್ಕೆ ವಿರುದ್ಧವಾದ ಖಂಡಗಳನ್ನು ಪಟ್ಟಿ ಮಾಡಿ, ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿ ಎಂದು ಕೇಳಬಹುದು.

ಆಮೇಲಿನದ್ದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಕಾಯ್ದೆಗೆ ತಡೆಯಾಜ್ಞೆ ಸುಲಭವಾಗಿ ಸಿಗುವುದಿಲ್ಲ, ಶಾಸನ ಸಂವಿಧಾನಬದ್ಧ ಎಂದೇ ನ್ಯಾಯಾಲಯ ಮೊದಲು ಭಾವಿಸುತ್ತದೆ. ಶಾಸಕಾಂಗದ ದುರುದ್ದೇಶ ಅಲ್ಲಿ ವಾದವೇ ಅಲ್ಲ. ನೋಂದಣಿಯೇ ಸರಿಯಿಲ್ಲದ ಸಂಘ ಅರ್ಜಿ ಹಾಕಿದರೆ ಮುಖ್ಯ ವಿಷಯಕ್ಕೆ ಬರುವ ಮೊದಲೇ ಅರ್ಜಿದಾರರಾಗಲು ಅರ್ಹತೆ ಏನು ಎಂಬ ತಕರಾರು ಏಳುತ್ತದೆ. ಸಂಘದ ಜೊತೆ ಇಬ್ಬರು ಮೂವರು ಮಾಲೀಕರು ವೈಯಕ್ತಿಕವಾಗಿಯೂ ಅರ್ಜಿದಾರರಾಗಿರುವುದು ಕ್ಷೇಮ. ಅವರ ಕ್ರಯಪತ್ರ, ನೋಂದಾಯಿತ ಡಿಕ್ಲರೇಷನ್, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ ಇವುಗಳ ದೃಢೀಕೃತ ಪ್ರತಿಗಳನ್ನು ಮಸೂದೆ ಬರುವ ಮೊದಲೇ, ಈಗಲೇ, ಉಪನೋಂದಣಾಧಿಕಾರಿ ಕಚೇರಿ ಮತ್ತು ಯೋಜನಾ ಪ್ರಾಧಿಕಾರದಿಂದ ತೆಗೆಸಿಡಿ. ಡಿಕ್ಲರೇಷನ್‌ನಲ್ಲಿರುವ ಶೇಕಡಾವಾರು ಪಾಲುಗಳನ್ನು ಕೂಡಿ ನೋಡಿ. ಮೊತ್ತ 100 ಬರದಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು.