ತಾಳಗುಪ್ಪದ ಹಳಿ ಮತ್ತು ನಮ್ಮ ಜನ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ–ತಾಳಗುಪ್ಪ ರೈಲಿನ ಬಗ್ಗೆ ಸಾಗರದವರ ಮುಂದೆ ಮಾತಾಡೋಕೆ ಪೀಠಿಕೆ ಬೇಕಿಲ್ಲ. ಬೀರೂರಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲು ಬಂತು. ಅಲ್ಲಿಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ಅಂತ ಕಾಡು ದಾಟಿಕೊಂಡು ತಾಳಗುಪ್ಪ ಮುಟ್ಟೋ ಹೊತ್ತಿಗೆ ಸುಮಾರು 40 ವರ್ಷ ಹಿಡಿಯಿತು. ಇದೆಲ್ಲ ಕಡತದಲ್ಲಿ ಸಿಗುತ್ತದೆ. ಆದರೆ ಆ ಹಳಿ ಮೇಲೆ ದುಡಿದವರು, ಓಡಾಡಿದವರು ಏನು ಕಂಡರು, ಅದನ್ನು ಯಾರು ಬರೆದಿಟ್ಟಿದ್ದಾರೆ? ನಾನು ಇವತ್ತು ಬಂದಿರುವುದು ಇದನ್ನು ಕೇಳೋಕೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ. ಎಲ್ಲಿ ಹೋದರೂ ಇದನ್ನು ಹೇಳುತ್ತೇನೆ, ಕೇಳಿದವರು ಇನ್ನೊಂದು ಸಲ ಕೇಳಿ. 1951ನೇ ಇಸವಿ. ನಮ್ಮ ಸಾಗರ ತಾಲ್ಲೂಕಿನ ಕಾಗೋಡು ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ ಎದ್ದ ತಕರಾರು. ಜಮೀನಿನ ಒಡೆಯರ ಕೊಳಗ ದೊಡ್ಡದು, ಅಳೆದಷ್ಟೂ ರೈತನ ಕಣಜಕ್ಕೇ ಕೊರತೆ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಒಟ್ಟು ಮಾಡಿದ್ದರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಆಮೇಲೆ ಇನ್ನೊಂದು ತಂಡ ಇಳಿಯುವುದು. ಜೂನ್ ತಿಂಗಳಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು. ಕಾಗೋಡಿಗೆ ಹೋದರು. ಅವರನ್ನು ಬಂಧಿಸಿದ್ದು ಎಲ್ಲಿ ಗೊತ್ತಲ್ವಾ? ನಮ್ಮ ಸಾಗರದ ರೈಲು ನಿಲ್ದಾಣದಲ್ಲಿ, ರಾತ್ರಿ ಹೊತ್ತಲ್ಲಿ.

ಎಲ್ಲರೂ ಕಥೆಯನ್ನು ಇಲ್ಲಿಗೆ ಮುಗಿಸಿಬಿಡುತ್ತಾರೆ. ನನಗೆ ಇಲ್ಲಿಂದಲೇ ಶುರು. ಆ ರಾತ್ರಿ ನಿಲ್ದಾಣದಲ್ಲಿ ಡ್ಯೂಟಿ ಯಾರದಿತ್ತು? ದೀಪ ಹಚ್ಚಿದವರು ಯಾರು? ಮುಂಗಾರಿನ ದಿನ, ಕಂಬಳಿಕೊಪ್ಪೆ ಹಾಕಿಕೊಂಡು ಹೊರಗೆ ನಿಂತ ರೈತರು ಇದ್ದರಾ, ಇದ್ದರೆ ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ ಏನಂತ ಹೇಳಿದರು? 1974ರ ಭೂಸುಧಾರಣೆ ಬಂದು ಉಳುವವನಿಗೆ ಭೂಮಿ ಸಿಕ್ಕಿತು ಅಂತ ನಾವು ಭಾಷಣ ಮಾಡುತ್ತೇವೆ. ಅದಕ್ಕೆ ಮುಂಚಿನ ದಾರಿಯಲ್ಲಿ ಈ ನಿಲ್ದಾಣವೂ ಇದೆ. ಅಲ್ಲಿದ್ದ ಸಣ್ಣಪುಟ್ಟ ಜನ ಕಂಡದ್ದನ್ನು ಯಾರು ಬರೆದಿಟ್ಟಿದ್ದಾರೆ?

ಇನ್ನು ಹಳಿ ನೋಡಿಕೊಂಡವರು. ಕೀಮನ್ ಅಂದರೆ ಈಗಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಕೈಯಲ್ಲಿ ಸ್ಪ್ಯಾನರ್. ತನ್ನ ಪಾಲಿನ ಹಳಿಯುದ್ದಕ್ಕೂ ನಡೆಯುತ್ತಾ, ಹಳಿಯನ್ನು ಬಿಗಿಹಿಡಿಯುವ ಕೀಲಿ ಸಡಿಲವಾಗಿದ್ದರೆ ಅದಕ್ಕೆ ಒಂದು ಏಟು, ಬೋಲ್ಟಿಗೆ ಒಂದು ತಿರುವು. ಮೀಟರ್‌ಗೇಜ್ ಅಂದರೆ ಎರಡು ಕಂಬಿಯ ಮಧ್ಯೆ ಒಂದೇ ಮೀಟರು. ಅದರ ನಡುವೆ ಹೆಜ್ಜೆ ಇಟ್ಟು ಇಟ್ಟು ಅವರ ನಡಿಗೆಯೇ ಬೇರೆ ಆಗಿಬಿಟ್ಟಿತ್ತು. ಸಂತೆಯಲ್ಲಿ ಹಿಂದಿನಿಂದ ನೋಡಿದರೂ ಇವರು ರೈಲ್ವೆಯವರು ಅಂತ ಹೇಳಬಹುದಿತ್ತು! ಮಲೆನಾಡಿನ ಮಳೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಅಂಥ ಮಳೆಯಲ್ಲಿ ರಾತ್ರಿ ಲಾಟೀನು ಹಿಡಿದು, ಮಣ್ಣು ಕುಸಿದಿದೆಯಾ, ಮರ ಬಿದ್ದಿದೆಯಾ, ಹಳಿ ಕೆಳಗಿನ ಜಲ್ಲಿ ಕೊಚ್ಚಿಹೋಗಿದೆಯಾ ಅಂತ ನೋಡಿಕೊಂಡು ನಡೆಯೋ ಕೆಲಸ. ಅವರು ನಡೆದಿದ್ದಕ್ಕೆ ಬೆಳಗಿನ ರೈಲಿನಲ್ಲಿ ನಾವು ನಿದ್ದೆ ಮಾಡಿಕೊಂಡು ಹೋಗಿದ್ದೇವೆ.

ರೈಲ್‌ಬಸ್ಸಿನ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಹಳಿ ಮೇಲೆ ಬಸ್ಸು! ನೆಂಟರು ಬಂದರೆ ಜೋಗ ತೋರಿಸೋ ಮುಂಚೆ ಅದನ್ನು ತೋರಿಸುತ್ತಿದ್ದೆವು. ಹಲಸಿನ ಕಾಲದಲ್ಲಿ ಯಾರಾದರೂ ಒಂದು ಹಣ್ಣು ಗೋಣಿಚೀಲದಲ್ಲಿ ತಂದು ಸೀಟಿನ ಕೆಳಗೆ ತಳ್ಳಿದರೆ ಮುಗೀತು, ಇಳಿಯುವವರೆಗೂ ಎಲ್ಲರಿಗೂ ಅದರದೇ ವಾಸನೆ. ಒಮ್ಮೆ ಒಬ್ಬರು ಅಜ್ಜಿ ಆಸೆ ತಡೆಯಲಾರದೆ ಅಲ್ಲೇ ಹಣ್ಣು ಬಿಡಿಸಿದರು. ಕೈಗೆ ಹಚ್ಚಲು ಎಣ್ಣೆ ಇಲ್ಲ. ಮುಂದಿನ ಸೀಟಿನ ಹೆಂಗಸು ತಲೆಗೆ ಹಾಕಲು ಒಯ್ಯುತ್ತಿದ್ದ ಕೊಬ್ಬರಿ ಎಣ್ಣೆ ಬಾಟ್ಲಿ ತೆಗೆದುಕೊಟ್ಟರು. ಹಣ್ಣು ಪೂರ್ತಿ ಬಸ್ಸಿಗೆ ಹಂಚಿಕೆಯಾಯಿತು. ಅಜ್ಜಿಯ ಮಗಳ ಮನೆಗೆ ಬೀಜ ಮಾತ್ರ ಹೋಗಿರಬೇಕು. ಅವರ ಊರು ಯಾವುದು, ಹೆಸರೇನು, ಕೇಳಲೇ ಇಲ್ಲ ಯಾರೂ. ಇಂಥದ್ದು ನಿಮ್ಮ ಪ್ರತಿಯೊಬ್ಬರ ಹತ್ತಿರವೂ ಇದೆ. ಯಾರು ಬರೆದಿಟ್ಟಿದ್ದೀರಿ?

ಚೀಟಿ ಬಂತು, ಹೊತ್ತಾಗುತ್ತಾ ಬಂತಂತೆ. ಸರಿ, ಬೇಗ ಹೇಳುತ್ತೇನೆ. ಅರಸಾಳಿನ ಹಳೇ ನಿಲ್ದಾಣ ಅಲ್ಲಿ ಚಿತ್ರೀಕರಣವಾದ ‘ಮಾಲ್ಗುಡಿ ಡೇಸ್’ ಟೀವಿ ಧಾರಾವಾಹಿಯಿಂದಾಗಿ ಮ್ಯೂಸಿಯಂ ಆಯಿತು, ಬಹಳ ಒಳ್ಳೇದು. ಉಳಿದ ನಿಲ್ದಾಣಗಳಿಗೂ ಅವುಗಳದ್ದೇ ಕಥೆ ಇದೆ, ಅದಕ್ಕೆ ಕ್ಯಾಮೆರಾ ಬರಲಿ ಅಂತ ಕಾಯಬೇಕಾಗಿಲ್ಲ. ಬ್ರಾಡ್‌ಗೇಜ್ ಆಗಿ ಮೈಸೂರಿಗೆ, ಬೆಂಗಳೂರಿಗೆ ನೇರ ರೈಲು ಸಿಕ್ಕಿದೆ, ಅದು ನಮಗೆ ಬೇಕೇ ಬೇಕಿತ್ತು. ಹೊನ್ನಾವರಕ್ಕೆ, ಶಿರಸಿ ಕಡೆಗೆ ಹಳಿ ಮುಂದುವರಿಸುವ ಬೇಡಿಕೆ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಅದು ಇನ್ನೊಂದು ದಿನಕ್ಕಿರಲಿ.

ಈಗ ಒಂದೇ ಕೆಲಸ. ಹಳೇ ಟಿಕೇಟು, ಫೋಟೋ, ಪಾಸು ಯಾರ ಮನೆಯಲ್ಲಿದ್ದರೂ ಬಾಗಿಲ ಹತ್ತಿರ ಇಟ್ಟಿರೋ ವಹಿಯಲ್ಲಿ ಹೆಸರು ಬರೆದು ಹೋಗಿ, ನಾವೇ ಮನೆಗೆ ಬರುತ್ತೇವೆ. ಮುಂದಿನ ಸಾಲಿನಲ್ಲಿ ಈ ಹಳಿ ಮೇಲೆ ಕೆಲಸ ಮಾಡಿದ ಹಿರಿಯರು ಇಬ್ಬರು ಕೂತಿದ್ದಾರೆ. ನನ್ನ ಪಾಲಿನ ಐದು ನಿಮಿಷ ಇನ್ನೂ ಇದೆ, ಅದು ಅವರಿಗೆ. ತಮ್ಮಾ, ಮೈಕು ಅಲ್ಲಿಗೇ ತಗೊಂಡು ಹೋಗು, ಅವರು ಏಳೋದು ಬೇಡ. ರೆಕಾರ್ಡಿಂಗ್ ನಡೀತಾ ಇದೆ ಅಲ್ವಾ?