ಗಿಟಾರ್ ಝರ್ ಅಂತಿದೆಯಾ? ಅರ ಹಿಡಿಯೋಕೆ ಮೊದಲು ಇಷ್ಟು ನೋಡಿ

ನಮಸ್ಕಾರ. ಮೊದಲು ಇದನ್ನು ಕೇಳಿ. ಆರನೇ ತಂತಿ, ಅಂದರೆ ಎಲ್ಲಕ್ಕಿಂತ ದಪ್ಪದ್ದು. ಎರಡನೇ ಫ್ರೆಟ್, ಅಂದರೆ ಕುತ್ತಿಗೆಯ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳಲ್ಲಿ ಎರಡನೇದು. ಕೇಳಿಸ್ತಾ? ಸ್ವರ ಬರುತ್ತಿದೆ, ಆದರೆ ಅದರ ಜೊತೆಗೇ ಒಂದು ಝರ್ ಅನ್ನುವ ಸದ್ದೂ ಬರುತ್ತಿದೆ. ಮೂರನೇ ಫ್ರೆಟ್, ಅಲ್ಲೂ ಇದೆ. ಐದನೇದರಲ್ಲಿ ಸ್ವಲ್ಪ ಕಮ್ಮಿ. ಒಂಬತ್ತನೇದಕ್ಕೆ ಬಂದರೆ ಏನೂ ಇಲ್ಲ. ಈಗ ಏನೂ ಒತ್ತದೆ ಬರೀ ತಂತಿ ಮೀಟುತ್ತೇನೆ. ಅದೂ ಶುದ್ಧವಾಗಿದೆ.

ಈ ಕ್ಲಾಸಿಕಲ್ ಗಿಟಾರ್ ನನ್ನ ಚಿಕ್ಕಪ್ಪನ ಮಗಳದ್ದು. ಆಲ್ದೂರು ಕಡೆಯ ತೋಟದ ಮನೆಯಿಂದ ಇಲ್ಲಿಗೆ, ಚಿಕ್ಕಮಗಳೂರಿಗೆ, ಬಂದಿದೆ. "ಅಣ್ಣಾ, ಹೊಸ ತಂತಿ ಹಾಕಿದ್ರೂ ಹಂಗೇ ಇದೆ. ಮಳೆಗಾಲದಲ್ಲಿ ಚೆನ್ನಾಗೇ ಇತ್ತಲ್ವಾ?" ಅಂದಳು. ಚಿಕ್ಕಪ್ಪ ಮಾತ್ರ "ಬೆಂಗಳೂರಿಗೆ ಕಳಿಸಿ ಫ್ರೆಟ್ ಉಜ್ಜಿಸಿಬಿಡೋಣ" ಅಂದರು. ದಯವಿಟ್ಟು ಬೇಡ ಚಿಕ್ಕಪ್ಪ ಅಂದೆ. ಉಜ್ಜಿದ ಫ್ರೆಟ್ ಮತ್ತೆ ಬೆಳೆಯುವುದಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ಅರ, ಸ್ಯಾಂಡ್ ಪೇಪರ್ ಯಾವುದನ್ನೂ ಗಿಟಾರ್ ಹತ್ತಿರ ತರಬಾರದು. ಮಳೆಗಾಲದಲ್ಲಿ ಚೆನ್ನಾಗಿತ್ತು ಅಂದಳಲ್ಲ, ಆ ಮಾತನ್ನು ನೆನಪಿಟ್ಟುಕೊಳ್ಳಿ.

ಈ ಸದ್ದು ಹುಟ್ಟುವುದು ಹೇಗೆ ಅಂತ ಒಂದು ಮಾತು. ನಮ್ಮ ತಂಬೂರಿಯಲ್ಲಿ ಕುದುರೆಯ, ಅಂದರೆ ತಂತಿಗೆ ಆಸರೆಯಾದ ಪಟ್ಟಿಯ, ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು, ತಂತಿ ಕುದುರೆಯನ್ನು ಸವರಿಕೊಂಡು ಆಡುವಂತೆ ಮಾಡುತ್ತಾರೆ ಅಲ್ವಾ? ಆ ಝೇಂಕಾರಕ್ಕಾಗಿಯೇ ಅಷ್ಟು ಕಷ್ಟಪಡುತ್ತಾರೆ. ಗಿಟಾರಿನಲ್ಲೂ ಆಗುವುದು ಅದೇ, ಆಡುವ ತಂತಿ ಯಾವುದಕ್ಕೋ ತಾಗುವುದು. ಇಲ್ಲಿ ಮಾತ್ರ ಅದು ನಮಗೆ ಬೇಡದ ಜಾಗದಲ್ಲಿ, ಲೋಹದ ಫ್ರೆಟ್ ಮೇಲೆ ಆಗುತ್ತದೆ. ಆರನೇ ತಂತಿ ಸೆಕೆಂಡಿಗೆ ಸುಮಾರು 82 ಸಲ ಆಡುತ್ತದೆ. ಕ್ಲಾಸಿಕಲ್ ಗಿಟಾರಿಗೆ ಹಾಕುವ ನೈಲಾನ್ ತಂತಿಯ ಬಿಗಿ ಸ್ಟೀಲ್ ತಂತಿಗಿಂತ ಕಮ್ಮಿ, ಹಾಗಾಗಿ ಅದು ಅಗಲವಾಗಿ ಆಡುತ್ತದೆ, ಅದಕ್ಕೆ ಜಾಗವೂ ಜಾಸ್ತಿ ಬೇಕು. ಸಾಮಾನ್ಯವಾಗಿ ಕ್ಲಾಸಿಕಲ್ ಗಿಟಾರಿನಲ್ಲಿ ಹನ್ನೆರಡನೇ ಫ್ರೆಟ್ ಮೇಲೆ ಆರನೇ ತಂತಿಗೆ 4 ಮಿಲಿಮೀಟರ್ ಆಸುಪಾಸು, ಒಂದನೇ ತಂತಿಗೆ 3 ಆಸುಪಾಸು ಎತ್ತರ ಇಡುತ್ತಾರೆ. ಇದನ್ನೇ ಆ್ಯಕ್ಷನ್ ಅನ್ನುವುದು. ಸ್ಟೀಲ್ ತಂತಿಯ ಗಿಟಾರ್ ನುಡಿಸಿ ಬಂದವರಿಗೆ ಇದು ತುಂಬಾ ಎತ್ತರ ಅನ್ನಿಸಿ, ಸ್ಯಾಡಲ್, ಅಂದರೆ ಗಿಟಾರಿನ ಹಲಗೆಯ ಮೇಲೆ ತಂತಿ ಕಟ್ಟುವ ಬ್ರಿಡ್ಜ್‌ನಲ್ಲಿ ತಂತಿಯನ್ನು ಎತ್ತಿ ಹಿಡಿಯುವ ಪಟ್ಟಿ, ಅದನ್ನು ತೆಗೆದು ಉಜ್ಜಿಬಿಡುತ್ತಾರೆ. ಝರ್ ಶುರುವಾಗುವುದು ಅಲ್ಲಿಂದಲೇ.

ಅಳತೆಗೆ ಮೊದಲು ಒಂದು ಸಣ್ಣ ಪರೀಕ್ಷೆ. ಟ್ಯೂನರ್ ಹಾಕಿ ಶ್ರುತಿ ಸರಿಯಿದೆಯಾ ನೋಡಿ. ಶ್ರುತಿ ಇಳಿದಿದ್ದರೆ ತಂತಿ ಸಡಿಲವಾಗಿ ಇನ್ನೂ ಅಗಲಕ್ಕೆ ಆಡುತ್ತದೆ. ಆಮೇಲೆ ಕೈ. ಎಡಗೈ ಬೆರಳು ಫ್ರೆಟ್‌ನ ಪಕ್ಕದಲ್ಲೇ ಒತ್ತುತ್ತಿದೆಯಾ, ಬಲಗೈ ತಂತಿಯನ್ನು ಮೇಲಕ್ಕೆ ಕಿತ್ತು ಬಿಡುತ್ತಿದೆಯಾ? ಮೇಲಕ್ಕೆಳೆದು ಬಿಟ್ಟರೆ ತಂತಿ ನೇರವಾಗಿ ಫ್ರೆಟ್ ಮೇಲೆ ಬಂದು ಬಡಿಯುತ್ತದೆ. ಅದು ಗಿಟಾರಿನ ದೋಷ ಅಲ್ಲ. ಈ ಹುಡುಗಿಯ ಕೈ ಚೆನ್ನಾಗಿದೆ, ಅವಳು ಮೆತ್ತಗೆ ನುಡಿಸಿದರೂ ಸದ್ದು ಬರುತ್ತಿತ್ತು.

ಈಗ ಪತ್ತೆ ಕೆಲಸ. ನನಗೆ ಇಡೀ ರಿಪೇರಿಯಲ್ಲಿ ಇಷ್ಟವಾಗುವ ಭಾಗ ಇದೇ.

ಬರೀ ತಂತಿ ಮೀಟಿದಾಗ ಮಾತ್ರ ಝರ್ ಅಂದು, ಯಾವ ಫ್ರೆಟ್ ಒತ್ತಿದರೂ ಶುದ್ಧವಾಗಿದ್ದರೆ, ಸಮಸ್ಯೆ ನಟ್‌ನಲ್ಲಿ, ಅಂದರೆ ತಲೆಯ ಹತ್ತಿರ ತಂತಿ ಕೂರುವ ಪಟ್ಟಿಯಲ್ಲಿ. ಆ ಪಟ್ಟಿಯಲ್ಲಿ ತಂತಿ ಕೂರಲು ಕೊರೆದ ಸೀಳು, ಅಂದರೆ ಗಾಡಿ, ಆಳವಾಗಿರುತ್ತದೆ. ಒಂದು ತುಂಡು ಕಾಗದ ಮಡಚಿ ಆ ಗಾಡಿಯಲ್ಲಿ ತಂತಿಯ ಕೆಳಗೆ ಇಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ ಹಾಗೆ. ಈ ಗಿಟಾರಿನಲ್ಲಿ ಬರೀ ತಂತಿ ಶುದ್ಧವಾಗಿದೆ, ಹಾಗಾಗಿ ನಟ್ ಬಿಟ್ಟೆವು.

ಒಂದೇ ಒಂದು ಜಾಗದಲ್ಲಿ ಒತ್ತಿದಾಗ ಮಾತ್ರ ಬಂದರೆ, ಅದರ ಮುಂದಿನ ಯಾವುದೋ ಫ್ರೆಟ್ ಎದ್ದಿರುತ್ತದೆ. ಮುಂದಿನದು ಅಂದರೆ ಬ್ರಿಡ್ಜ್ ಕಡೆಯದು. ಬೆರಳು ಒತ್ತಿದ ಫ್ರೆಟ್ ಝರ್ ಅನ್ನುವುದಿಲ್ಲ, ತಂತಿ ಬಡಿಯುವುದು ಮುಂದಿನದಕ್ಕೆ. ಇದಕ್ಕೆ ಎಟಿಎಂ ಕಾರ್ಡ್ ಸಾಕು. ಅದರ ಉದ್ದದ ಅಂಚನ್ನು ಪಕ್ಕಪಕ್ಕದ ಮೂರು ಫ್ರೆಟ್ ಮೇಲೆ ನಿಲ್ಲಿಸಿ ಆಡಿಸಿ. ಮಧ್ಯದ್ದು ಎದ್ದಿದ್ದರೆ ಕಾರ್ಡ್ ಟಕ್ ಟಕ್ ಅಂತ ಆಡುತ್ತದೆ. ಮೇಲಿನ ಕಡೆ ಫ್ರೆಟ್‌ಗಳು ಹತ್ತಿರ ಬರುವುದರಿಂದ ಅಲ್ಲಿ ಇನ್ನೂ ಚಿಕ್ಕ, ನೇರ ಅಂಚಿನ ಯಾವುದನ್ನಾದರೂ ಹಿಡಿಯಬೇಕು. ನಾನು ಎಲ್ಲಾ ತಂತಿಗಳ ಕೆಳಗೂ ಹೀಗೆ ನೋಡಿದೆ. ಎಲ್ಲೂ ಆಡಲಿಲ್ಲ.

ಆಮೇಲೆ ಕುತ್ತಿಗೆಯ ಬಾಗು. ಒಂದನೇ ಫ್ರೆಟ್, ಹನ್ನೆರಡನೇ ಫ್ರೆಟ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ನೇರ ಗೆರೆಯಾಗುತ್ತದೆ. ಮಧ್ಯದಲ್ಲಿ, ಆರು ಏಳನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ಸ್ವಲ್ಪ ಸಂದು ಇರಬೇಕು. ಅಳೆಯಲು ನಾನು ಬಳಸಿದ್ದು ಫೀಲರ್ ಗೇಜ್. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುತ್ತಾರಲ್ಲ, ಅದೇ ತೆಳು ಸ್ಟೀಲ್ ಎಲೆಗಳ ಗೊಂಚಲು. ಪಕ್ಕದ ಗ್ಯಾರೇಜಿನವರು ಕೇಳಿದ ಕೂಡಲೇ ಕೊಟ್ಟರು. 0.2 ಮಿಲಿಮೀಟರಿನ ಎಲೆ ಆರಾಮಾಗಿ ಹೋಯಿತು. ಅಂದರೆ ಕುತ್ತಿಗೆ ಸರಿಯಿದೆ. ಸರಿಯಿದ್ದದ್ದು ಒಳ್ಳೆಯದೇ ಆಯಿತು, ಯಾಕಂದರೆ ಕ್ಲಾಸಿಕಲ್ ಗಿಟಾರ್‌ಗಳಲ್ಲಿ ಬಹಳಷ್ಟಕ್ಕೆ ಕುತ್ತಿಗೆಯೊಳಗೆ ಬಾಗು ಸರಿಮಾಡಲು ತಿರುಗಿಸುವ ರಾಡ್ ಇರುವುದಿಲ್ಲ.

ಉಳಿದದ್ದು ಎತ್ತರ. ಹನ್ನೆರಡನೇ ಫ್ರೆಟ್ ಮೇಲೆ ಆರನೇ ತಂತಿ 3.1. ಅದೇ ನೋಡಿ! ಇದು ತುಂಬಾ ಕಮ್ಮಿ. ಇನ್ನೊಂದು ಗಮನಿಸಿದೆ. ಫ್ರೆಟ್‌ಬೋರ್ಡಿನ ಅಂಚಿನ ಮೇಲೆ ಬೆರಳು ಓಡಿಸಿದಾಗ ಫ್ರೆಟ್‌ಗಳ ತುದಿ ಗರಗಸದ ಹಾಗೆ ಚುಚ್ಚುತ್ತಿತ್ತು. ಲೋಹ ಕುಗ್ಗುವುದಿಲ್ಲ, ಮರ ಕುಗ್ಗಿದೆ ಅಂತ ಅರ್ಥ. ಆ ತುದಿಗಳನ್ನು ಮುಟ್ಟಿದ ಕೂಡಲೇ ನನಗೆ ಅವಳು ಹೇಳಿದ್ದು ಅರ್ಥವಾಯಿತು.

ನಮ್ಮ ಮಲೆನಾಡಿನಲ್ಲಿ ಎಲ್ಲರೂ ಗಿಟಾರಿಗೆ ಹೆದರುವುದು ಜೂನ್‌ನಿಂದ ಶುರುವಾಗುವ ಮಳೆಗೆ. ಬೂಷ್ಟು ಹಿಡಿಯುತ್ತದೆ, ಅಂಟು ಬಿಡುತ್ತದೆ ಅಂತ. ಅದೂ ನಿಜವೇ. ಆದರೆ ಫೆಬ್ರವರಿ ಬಿಸಿಲಿಗೆ ಯಾರೂ ಹೆದರುವುದಿಲ್ಲ. ಕಣದಲ್ಲಿ ಕಾಫಿ ಒಣಗಿಸುವ ಅದೇ ಬಿಸಿಲು, ಅದೇ ಒಣಗಾಳಿ, ಗೋಡೆಗೆ ನೇತುಹಾಕಿದ ಗಿಟಾರನ್ನೂ ಒಣಗಿಸುತ್ತದೆ. ಗಿಟಾರಿನ ಮುಂದಿನ ಹಲಗೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪದ್ದು, ಸ್ವಲ್ಪ ಉಬ್ಬಿಕೊಂಡಿರುತ್ತದೆ. ಮಳೆಗಾಲದಲ್ಲಿ ತೇವ ಕುಡಿದು ಇನ್ನೂ ಉಬ್ಬುತ್ತದೆ, ಬ್ರಿಡ್ಜ್ ಮೇಲೇಳುತ್ತದೆ, ತಂತಿಯೂ ಮೇಲೇಳುತ್ತದೆ. ಬೇಸಿಗೆಯಲ್ಲಿ ಹಲಗೆ ಕುಗ್ಗಿ ತಗ್ಗುತ್ತದೆ, ಬ್ರಿಡ್ಜ್ ಇಳಿಯುತ್ತದೆ, ತಂತಿ ಫ್ರೆಟ್ ಹತ್ತಿರ ಬಂದು ಕೂರುತ್ತದೆ. ಗಿಟಾರಿಗೆ ಶೇಕಡಾ 45ರಿಂದ 55 ತೇವಾಂಶದ ಗಾಳಿ ಹಿತ. ನಮ್ಮ ಮನೆಯ ಮೀಟರ್ ಮಧ್ಯಾಹ್ನ 35 ತೋರಿಸುತ್ತಿತ್ತು. ಇನ್ನೂ ಒಣಗಿದರೆ ಝರ್ ಅನ್ನುವುದಲ್ಲ, ಹಲಗೆಯೇ ಸೀಳುತ್ತದೆ. ಹಾಗಾಗಿ ಈ ಸದ್ದನ್ನು ನಾನು ಎಚ್ಚರಿಕೆ ಅಂತಲೇ ತಗೊಳ್ಳುತ್ತೇನೆ.

ಮಾಡಿದ್ದು ಇಷ್ಟೇ. ಒಂದು ಸೋಪು ಡಬ್ಬಿಗೆ ತುಂಬಾ ತೂತು ಹೊಡೆದು, ಒಳಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜ್ ಇಟ್ಟು, ಗಿಟಾರ್ ಕೇಸಿನಲ್ಲಿ ತಲೆಯ ಹತ್ತಿರ ಇಟ್ಟೆ. ನೀರು ತೊಟ್ಟಿಕ್ಕಬಾರದು, ಅದಕ್ಕೇ ಚೆನ್ನಾಗಿ ಹಿಂಡಬೇಕು. ಕೇಸ್ ಮುಚ್ಚಿ, ಸ್ಪಂಜ್ ಒಣಗಿದಾಗ ಮತ್ತೆ ಒದ್ದೆ ಮಾಡುತ್ತಾ ಒಂದಷ್ಟು ದಿನ ಬಿಟ್ಟೆ. ಅವಸರ ಮಾಡಿ ಜಾಸ್ತಿ ನೀರು ಹಾಕಬೇಡಿ, ಮರ ನಿಧಾನವಾಗಿಯೇ ಕುಡಿಯಲಿ. ಆಮೇಲೆ ಅಳೆದರೆ 3.6. ಫ್ರೆಟ್ ತುದಿಗಳು ಚುಚ್ಚುವುದು ನಿಂತಿತ್ತು. ಮೆತ್ತಗೆ ನುಡಿಸಿದರೆ ಎಲ್ಲಾ ಶುದ್ಧ, ಜೋರಾಗಿ ಹೊಡೆದರೆ ಇನ್ನೂ ಸ್ವಲ್ಪ ಝರ್.

ಈ ನಡುವೆ ಇನ್ನೊಂದು ಸದ್ದು ಸಿಕ್ಕಿತು, ಅದಕ್ಕೂ ಫ್ರೆಟ್‌ಗೂ ಸಂಬಂಧವೇ ಇಲ್ಲ. ಐದನೇ ತಂತಿಯನ್ನು ಬರೀ ಮೀಟಿದರೆ ಸಣ್ಣಗೆ ಚಿರ್ ಅನ್ನುತ್ತಿತ್ತು. ಅವಳು ಮೀಟುತ್ತಿರುವಾಗ ನಾನು ಒಂದೊಂದೇ ಜಾಗ ಬೆರಳಿನಿಂದ ಒತ್ತುತ್ತಾ ಹೋದೆ. ಟ್ಯೂನಿಂಗ್ ಕೀಗಳ ಸ್ಕ್ರೂ, ಒಳಗಿನ ಲೇಬಲ್, ಬ್ರಿಡ್ಜ್. ಬ್ರಿಡ್ಜ್ ಹಿಂದೆ ಕಟ್ಟಿದ ಹೊಸ ತಂತಿಯ ತುದಿ ಉದ್ದವಾಗಿ ಉಳಿದು ಹಲಗೆಗೆ ತಾಗಿಕೊಂಡಿತ್ತು. ಅದನ್ನು ಒತ್ತಿದ ಕೂಡಲೇ ನಿಂತಿತು. ನೇಲ್ ಕಟ್ಟರ್‌ನಲ್ಲಿ ಕತ್ತರಿಸಿದೆ, ಮುಗಿಯಿತು. ಇಂಥದ್ದಕ್ಕೆ ಫ್ರೆಟ್ ಉಜ್ಜಿಸಿದ್ದರೆ ಎಷ್ಟು ಬೇಜಾರು ಅಲ್ವಾ?

ಮತ್ತೆ ಆರನೇ ತಂತಿಗೆ ಬರೋಣ. 0.3 ಮಿಲಿಮೀಟರ್ ಎತ್ತರಿಸಬೇಕು. ಹನ್ನೆರಡನೇ ಫ್ರೆಟ್ ತಂತಿಯ ಸರಿ ಮಧ್ಯದಲ್ಲಿದೆ, 650 ಮಿಲಿಮೀಟರ್ ತಂತಿಯಲ್ಲಿ 325ಕ್ಕೆ. ಹಾಗಾಗಿ ಸ್ಯಾಡಲನ್ನು ಎಷ್ಟು ಎತ್ತರಿಸುತ್ತೀವೋ ಅದರ ಅರ್ಧ ಮಾತ್ರ ಅಲ್ಲಿ ಸಿಗುತ್ತದೆ. ನಮಗೆ 0.3 ಬೇಕಾದರೆ ಸ್ಯಾಡಲ್ ಕೆಳಗೆ 0.6 ಹಾಕಬೇಕು. ಬಡಗಿಯೊಬ್ಬರ ಹತ್ತಿರ ತೇಗದ ವೀನಿಯರ್, ಅಂದರೆ ತೆಳು ಮರದ ಹಾಳೆಯ, ಚೂರು ಸಿಕ್ಕಿತು. ಅದನ್ನು ಸ್ಯಾಡಲ್ ಗಾಡಿಯ ಅಳತೆಗೆ, ತುದಿಯಿಂದ ತುದಿಯವರೆಗೆ ಕತ್ತರಿಸಿದೆ. ಮೆತ್ತನೆ ಕಾಗದ ಹಾಕಬೇಡಿ, ಅದು ನಾದ ನುಂಗುತ್ತದೆ. ಗಟ್ಟಿ ಪಟ್ಟಿ, ಪೂರ್ತಿ ಕೂರಬೇಕು, ಅಂಟು ಬೇಡ. ತಂತಿ ಸಡಿಲ ಮಾಡಿ ಸ್ಯಾಡಲ್ ಎತ್ತುವಾಗ ಯಾವ ತುದಿ ಆರನೇ ತಂತಿ ಕಡೆಯದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ, ಎರಡು ಕಡೆಯ ಎತ್ತರ ಒಂದೇ ಇರುವುದಿಲ್ಲ.

ಈಗ ಕೇಳಿ. ಎರಡನೇ ಫ್ರೆಟ್. ಮೂರನೇದು. ಜೋರಾಗಿ ಹೊಡೆಯುತ್ತೇನೆ. ಆರನೇ ತಂತಿ ಈಗ 3.9.

ಗಿಟಾರ್ ನಾಳೆ ಆಲ್ದೂರಿಗೆ ವಾಪಸ್ ಹೋಗುತ್ತದೆ, ಇನ್ನು ಗೋಡೆ ಮೇಲಲ್ಲ, ಕೇಸಿನಲ್ಲೇ. ಮಳೆ ಹಿಡಿದ ಮೇಲೆ ಸ್ಪಂಜ್ ತೆಗೆದು, ಹನ್ನೆರಡನೇ ಫ್ರೆಟ್ ಮೇಲೆ ಮತ್ತೆ ಅಳೆಯಲು ಹೇಳಿದ್ದೇನೆ. ನಾಲ್ಕೂವರೆ ಹತ್ತಿರ ಹೋಗಿದ್ದರೆ ತಂತಿ ಸಡಿಲಿಸಿ ಆ ತೇಗದ ಪಟ್ಟಿ ತೆಗೆದು, ಕೇಸಿನ ಪಾಕೆಟ್‌ನಲ್ಲಿ ಇಟ್ಟುಕೊಂಡರೆ ಸಾಕು. ಮುಂದಿನ ಜನವರಿಗೆ ಮತ್ತೆ ಬೇಕಾಗುತ್ತದೆ.